ಊರಿನ ಆರೋಗ್ಯ ಯಾರ ಹೊಣೆ? ವಿಕ್ರೋಳಿಯ ಅನುಭವ, ಸಣ್ಣ ನಗರಗಳ ಪ್ರಶ್ನೆ

ಕರ್ನಾಟಕದ ಯಾವುದೇ ತಾಲ್ಲೂಕು ಕೇಂದ್ರದಲ್ಲಿ ಡೆಂಗಿ ಕಾಣಿಸಿಕೊಂಡರೆ ಜ್ವರ ನೋಡುವ ಆಸ್ಪತ್ರೆ ರಾಜ್ಯ ಸರ್ಕಾರದ್ದು. ನೀರು, ಚರಂಡಿ, ಕಸ ಪುರಸಭೆಯದ್ದು. ಮುಂಬಯಿಯ ಉಪನಗರ ವಿಕ್ರೋಳಿಯಲ್ಲಿ ದವಾಖಾನೆ, ನಲ್ಲಿ ನೀರು, ಸೊಳ್ಳೆ ನಿಯಂತ್ರಣ, ಜನನ–ಮರಣ ನೋಂದಣಿ ಎಲ್ಲವೂ ಒಂದೇ ಮಹಾನಗರ ಪಾಲಿಕೆಯ ಕೈಯಲ್ಲಿವೆ. ಹಾಗಾದರೆ ಸಣ್ಣ ನಗರಗಳೂ ತಮ್ಮದೇ ಸಾರ್ವಜನಿಕ ಆರೋಗ್ಯ ಇಲಾಖೆ ನಡೆಸಬೇಕೆ? ಮುಂಬಯಿಯಲ್ಲಿ ಈ ವ್ಯವಸ್ಥೆ ಒಂದೂವರೆ ಶತಮಾನದಲ್ಲಿ ಬೆಳೆದ ದಾರಿಯನ್ನು ನೋಡಿದರೆ ಉತ್ತರ ಸಾಕಷ್ಟು ಸ್ಪಷ್ಟವಾಗುತ್ತದೆ.

ಲೆಕ್ಕದಿಂದ ಆರಂಭ

ಮುಂಬಯಿಯಲ್ಲಿ ಸಾವಿನ ನೋಂದಣಿ 1848ರಲ್ಲೇ ಶುರುವಾಯಿತು. 1860ರಲ್ಲಿ ವಿಹಾರ್ ಕೆರೆಯ ನೀರು ಕೊಳವೆಗಳಲ್ಲಿ ಊರಿಗೆ ಬಂತು. 1865ರ ಕಾಯಿದೆಯು ಪುರಸಭೆಗೆ ಒಬ್ಬ ಆಯುಕ್ತನನ್ನೂ ಒಬ್ಬ ಕಾರ್ಯನಿರ್ವಾಹಕ ಆರೋಗ್ಯಾಧಿಕಾರಿಯನ್ನೂ ಕೊಟ್ಟಿತು. ಆ ಹುದ್ದೆಯ ಹೆಸರು ಇವತ್ತಿಗೂ ಪಾಲಿಕೆಯಲ್ಲಿ ಉಳಿದಿದೆ. ಆರಂಭದ ವರ್ಷಗಳಲ್ಲಿ ಅಲ್ಲಿದ್ದ ಟಿ. ಜಿ. ಹ್ಯೂಲೆಟ್ ಬಡಾವಣೆವಾರು ಸಾವಿನ ಲೆಕ್ಕವನ್ನು ಮುಂದಿಟ್ಟುಕೊಂಡು ಚರಂಡಿಗೆ, ನೀರಿಗೆ ಹಣ ಕೇಳಿದವರು. 1888ರ ಮುಂಬಯಿ ಪಾಲಿಕೆ ಕಾಯಿದೆ ನೈರ್ಮಲ್ಯವನ್ನೂ ಸಾಂಕ್ರಾಮಿಕ ರೋಗಗಳ ತಡೆಯನ್ನೂ ಪಾಲಿಕೆಯ ಕಡ್ಡಾಯ ಕರ್ತವ್ಯವಾಗಿಸಿತು. ಈ ಅವಧಿಯ ಕಥೆಯನ್ನು ಇತಿಹಾಸಕಾರ್ತಿ ಮೃದುಲಾ ರಾಮಣ್ಣ ವಿವರವಾಗಿ ಬರೆದಿದ್ದಾರೆ.

ಪ್ಲೇಗು ಕಲಿಸಿದ್ದು

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಕೇರಿಯ ರೋಗಿಗಳಲ್ಲಿ ಪ್ಲೇಗನ್ನು ಗುರುತಿಸಿದವರು ಡಾ. ಅಕಾಸಿಯೊ ವಿಯೆಗಾಸ್. ಅವರು ಆ ಕೇರಿಗಳಲ್ಲಿ ರೋಗಿಗಳನ್ನು ನೋಡುತ್ತಿದ್ದ ವೈದ್ಯರು, ಜೊತೆಗೆ ಪಾಲಿಕೆಯ ಸದಸ್ಯರು. ಕೇರಿಯಲ್ಲಿ ಕಂಡದ್ದು ತಡವಿಲ್ಲದೆ ಪಾಲಿಕೆಯ ಕಿವಿಗೆ ಬಿದ್ದದ್ದು ಆ ಎರಡೂ ಪಾತ್ರಗಳು ಒಬ್ಬರಲ್ಲೇ ಇದ್ದುದರಿಂದ. ಆದರೆ 1897ರ ಮಾರ್ಚಿನಲ್ಲಿ ಸರ್ಕಾರ ಪ್ಲೇಗಿನ ಕೆಲಸವನ್ನು ಪಾಲಿಕೆಯಿಂದ ತೆಗೆದು, ಸೇನಾಧಿಕಾರಿ ಗ್ಯಾಟೇಕರ್ ನೇತೃತ್ವದ ಸಮಿತಿಗೆ ವಹಿಸಿತು. ಆ ವರ್ಷವೇ ಬಂದ ಸಾಂಕ್ರಾಮಿಕ ರೋಗಗಳ ಕಾಯಿದೆ ಮನೆ ಹೊಕ್ಕು ಶೋಧಿಸುವ, ರೋಗಿಗಳನ್ನು ಎತ್ತೊಯ್ಯುವ ಅಧಿಕಾರ ಕೊಟ್ಟಿತ್ತು. ಜನ ರೋಗಿಗಳನ್ನು ಬಚ್ಚಿಟ್ಟರು, ಊರು ಬಿಟ್ಟರು. 1898ರ ಮಾರ್ಚಿನಲ್ಲಿ ಗಲಭೆಯೇ ಎದ್ದಿತು. ಆಮೇಲೆ ಕ್ರಮಗಳು ಸಡಿಲಗೊಂಡವು.

ಡೇವಿಡ್ ಅರ್ನಾಲ್ಡ್, ಪ್ರಶಾಂತ್ ಕಿಡಂಬಿ ಮೊದಲಾದ ವಿದ್ವಾಂಸರು ಈ ಘಟ್ಟವನ್ನು ಆಳವಾಗಿ ಚರ್ಚಿಸಿದ್ದಾರೆ. ಆಡಳಿತಗಾರರಿಗೆ ಅದರಲ್ಲಿರುವ ಪಾಠ ಸರಳ: ಮೇಲಿನಿಂದ ಬಲ ತರಬಹುದು, ವಿಶ್ವಾಸ ತರಲಾಗದು. ಆದರೆ ವಿಜ್ಞಾನಿ ಹಾಫ್‌ಕಿನ್ ಮುಂಬಯಿಯಲ್ಲಿ ಸಿದ್ಧಪಡಿಸಿ 1897ರ ಜನವರಿಯಲ್ಲಿ ತನ್ನ ಮೇಲೆಯೇ ಪ್ರಯೋಗಿಸಿಕೊಂಡ ಪ್ಲೇಗು ಲಸಿಕೆ ಯಾವ ವಾರ್ಡು ಕಚೇರಿಯಿಂದಲೂ ಹುಟ್ಟುವಂಥದ್ದಲ್ಲ. ಪ್ರಯೋಗಾಲಯಕ್ಕೆ ದೊಡ್ಡ ಆಸರೆ ಬೇಕು.

1911ರಲ್ಲಿ ಚಾರ್ಲ್ಸ್ ಬೆಂಟ್ಲಿ ನಗರದ ಮಲೇರಿಯಾಕ್ಕೆ ಮನೆಗಳ ಬಾವಿ, ತೊಟ್ಟಿಗಳೇ ಮೂಲವೆಂದು ತೋರಿಸಿದರು. ಬಾವಿ ಮುಚ್ಚಲು ಧಾರ್ಮಿಕ ಕಾರಣಗಳಿಂದ ವಿರೋಧ ಬಂದರೂ ಸೊಳ್ಳೆ ಹುಡುಕುವ ಕೆಲಸ ಪಾಲಿಕೆಯ ದಿನಚರಿಯಾಯಿತು. ಮಹಡಿಯ ಮೇಲಿನ ಟ್ಯಾಂಕಿಗೆ ಬಿಗಿಯಾದ ಮುಚ್ಚಳವಿದೆಯೇ, ಹತ್ತಿ ನೋಡಲು ಏಣಿಯಿದೆಯೇ ಎಂದು ಕೀಟನಾಶಕ ವಿಭಾಗದವರು ಈಗಲೂ ಕೇಳುವುದು ಆ ಪರಂಪರೆಯಿಂದಲೇ.

ವಿಕ್ರೋಳಿ ನಗರವಾದದ್ದು

1950ರ ಏಪ್ರಿಲಿನಲ್ಲಿ ಮುಂಬಯಿಯ ಗಡಿ ಪಶ್ಚಿಮದಲ್ಲಿ ಜೋಗೇಶ್ವರಿಯವರೆಗೆ, ಪೂರ್ವದಲ್ಲಿ ಭಾಂಡೂಪಿನವರೆಗೆ ಚಾಚಿತು. ವಿಕ್ರೋಳಿ ಅದರೊಳಗೆ ಬಂತು. ಅಷ್ಟರಲ್ಲಾಗಲೇ ಗೋದ್ರೆಜ್ ಸಂಸ್ಥೆ ಅಲ್ಲಿ ಜಮೀನು ಕೊಂಡಿತ್ತು. ನಂತರ ಕಾರ್ಖಾನೆಗಳು, ಕನ್ನಮ್ವಾರ್ ನಗರದ ವಸತಿ ಚಾಳುಗಳು, ಪಾರ್ಕ್‌ಸೈಟ್–ಸೂರ್ಯನಗರದ ಗುಡ್ಡದ ಇಳಿಜಾರಿನ ಜೋಪಡಿಗಳು ಬೆಳೆದವು. ಬಾಂದ್ರಾ, ಕುರ್ಲಾಗಳಿಗೆ ತಮ್ಮದೇ ಪುರಸಭೆಗಳಿದ್ದವು. ಅವೂ ಬೃಹನ್ಮುಂಬಯಿಯಲ್ಲಿ ಲೀನವಾದವು. ಸಣ್ಣ ಊರುಗಳು ಸ್ವಂತ ಆಡಳಿತ ಕಳೆದುಕೊಂಡವು, ಬದಲಿಗೆ ಕೆ.ಇ.ಎಂ., ಸಯನ್, ನಾಯರ್‌ನಂಥ ಬೋಧನಾ ಆಸ್ಪತ್ರೆಗಳ, ಕಸ್ತೂರ್ಬಾ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯ ಆಸರೆ ಪಡೆದವು.

ಕಳೆದುಕೊಂಡದ್ದರಲ್ಲಿ ಸ್ವಲ್ಪವನ್ನು ವಾರ್ಡು ವ್ಯವಸ್ಥೆ ಹಿಂದಿರುಗಿಸಿತು. ವಿಕ್ರೋಳಿ ಇಂದು ‘ಎನ್’ ಮತ್ತು ‘ಎಸ್’ ವಾರ್ಡುಗಳಲ್ಲಿ ಹಂಚಿಹೋಗಿದೆ. 2011ರ ಜನಗಣತಿಯಲ್ಲಿ ಇವೆರಡರಲ್ಲಿ ಪ್ರತಿಯೊಂದರ ಜನಸಂಖ್ಯೆಯೂ ಬೆಳಗಾವಿ ನಗರದ್ದಕ್ಕಿಂತ ಹೆಚ್ಚು. ಪ್ರತಿ ವಾರ್ಡಿಗೂ ಒಬ್ಬ ವೈದ್ಯಕೀಯ ಆರೋಗ್ಯಾಧಿಕಾರಿ ಇದ್ದಾರೆ. ಕೊಳೆಗೇರಿಗಳಿಗೆ ಹೆಲ್ತ್ ಪೋಸ್ಟ್ (ಸಣ್ಣ ಆರೋಗ್ಯ ಕೇಂದ್ರ) ಬೇಕೆಂದು ಕೃಷ್ಣನ್ ಸಮಿತಿ 1980ರ ದಶಕದ ಆರಂಭದಲ್ಲಿ ಹೇಳಿತ್ತು. 1988ರಲ್ಲಿ ವಿಶ್ವಬ್ಯಾಂಕಿನ ನೆರವಿನ ಯೋಜನೆಯಿಂದ ಅವು ಮುಂಬಯಿಯಲ್ಲಿ ಹರಡಿದವು. ಮನೆ ಮನೆಗೆ ಹೋಗುವ ಆರೋಗ್ಯ ಸೇವಿಕೆಯರು ಈ ವ್ಯವಸ್ಥೆಯ ಬೆನ್ನೆಲುಬು. 2005ರ ಮಹಾಪೂರದ ನಂತರ ಇಲಿಜ್ವರ ಹರಡಿದಾಗ, 2020ರಲ್ಲಿ ಕೋವಿಡ್ ಬಂದಾಗ ಕೆಲಸ ನಡೆದದ್ದು ವಾರ್ಡು ಮಟ್ಟದಲ್ಲೇ. ಹಾಸಿಗೆ ಹಂಚಿದ ವಾರ್ಡು ವಾರ್‌ರೂಮುಗಳು ದೇಶದ ಗಮನ ಸೆಳೆದವು.

2021ರ ಜುಲೈ 18ರ ಮಳೆ ವಸತಿ, ನೀರು, ಆರೋಗ್ಯಗಳ ನಂಟನ್ನು ಕ್ರೂರವಾಗಿ ತೋರಿಸಿತು. ಸೂರ್ಯನಗರದಲ್ಲಿ ಗುಡ್ಡ ಜರಿದು ಮನೆಗಳು ಉರುಳಿ ಜನ ಸತ್ತರು. ಪಕ್ಕದ ಭಾಂಡೂಪಿನ ನೀರು ಶುದ್ಧೀಕರಣ ಘಟಕಕ್ಕೆ ಪ್ರವಾಹ ನುಗ್ಗಿ ಮಹಾನಗರದ ಬಹುಭಾಗದ ನಲ್ಲಿ ನೀರೇ ತೊಂದರೆಗೆ ಸಿಕ್ಕಿತು. ಮನೆ, ನೀರು, ರೋಗ ಮೂರನ್ನೂ ಬೇರೆ ಬೇರೆ ಇಲಾಖೆಗಳಿಗೆ ಹಂಚಿಟ್ಟರೆ ಇಂಥ ರಾತ್ರಿಯನ್ನು ಎದುರಿಸುವುದು ಕಷ್ಟ. ದೊಡ್ಡ ಪಾಲಿಕೆಯೂ ಎಲ್ಲವನ್ನೂ ಸರಿಯಾಗಿ ಮಾಡುತ್ತದೆ ಎಂದಲ್ಲ. ಕನ್ನಮ್ವಾರ್ ನಗರದ ಮಹಾತ್ಮಾ ಫುಲೆ ಆಸ್ಪತ್ರೆಯ ಶಿಥಿಲ ಕಟ್ಟಡದ ಪುನರ್ನಿರ್ಮಾಣ ವರ್ಷಗಟ್ಟಲೆ ಎಳೆಯಿತು. ಜನ ಘಾಟ್‌ಕೋಪರ್‌ನ ರಾಜಾವಾಡಿ ಆಸ್ಪತ್ರೆಗೆ ಅಲೆದರು.

ಕರ್ನಾಟಕದ ದಾರಿ

1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದ ಹುಬ್ಬಳ್ಳಿಯಲ್ಲಿ ಚಿಟಗುಪ್ಪಿ ಆಸ್ಪತ್ರೆಯನ್ನು ಇಂದಿಗೂ ಪಾಲಿಕೆಯೇ ನಡೆಸುತ್ತದೆ. ಆದರೆ ಸಣ್ಣ ಊರುಗಳಲ್ಲಿ ಪುರಸಭೆಯ ಆರೋಗ್ಯ ನಿರೀಕ್ಷಕರ ದಿನವೆಲ್ಲ ಕಸ ವಿಲೇವಾರಿ, ವ್ಯಾಪಾರ ಪರವಾನಗಿಗಳಲ್ಲೇ ಕಳೆಯುತ್ತದೆ. ರೋಗದ ಮಾಹಿತಿ ತಾಲ್ಲೂಕು ಆರೋಗ್ಯಾಧಿಕಾರಿಯ ಮೂಲಕ ಮೇಲಕ್ಕೆ ಹೋಗುತ್ತದೆ.

ಸಂವಿಧಾನದ 74ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ ಹನ್ನೆರಡನೆಯ ಅನುಸೂಚಿಯಲ್ಲಿ ಸಾರ್ವಜನಿಕ ಆರೋಗ್ಯವೂ ಸೇರಿತು. 2013ರ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನ ಏಳು ಮಹಾನಗರಗಳಲ್ಲಿ ಪಾಲಿಕೆಗಳಿಗೇ ಹೊಣೆ ಕೊಟ್ಟು, ಉಳಿದೆಡೆ ತೀರ್ಮಾನವನ್ನು ರಾಜ್ಯಗಳಿಗೆ ಬಿಟ್ಟಿತು. 15ನೆಯ ಹಣಕಾಸು ಆಯೋಗ ಸ್ಥಳೀಯ ಸಂಸ್ಥೆಗಳ ಮೂಲಕ ಆರೋಗ್ಯಕ್ಕಾಗಿ ಐದು ವರ್ಷಗಳಿಗೆ 70,051 ಕೋಟಿ ರೂಪಾಯಿ ಶಿಫಾರಸು ಮಾಡಿತು. 2024ರಲ್ಲಿ ಕರ್ನಾಟಕ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ ಸೊಳ್ಳೆ ಹುಟ್ಟಲು ಬಿಟ್ಟವರಿಗೆ ದಂಡ ನಿಗದಿ ಮಾಡಿತು. ಕಾಗದದ ಮೇಲೆ ಅಧಿಕಾರ ಬಂದಿದೆ, ಅದನ್ನು ನಡೆಸುವ ವೈದ್ಯ ಬಂದಿಲ್ಲ.

ಏನು ಮಾಡಬೇಕು

ಹಣದ ಅಂತರವನ್ನು ಮರೆಯಬಾರದು. ಮುಂಬಯಿ ಪಾಲಿಕೆಯ 2025–26ರ ಬಜೆಟ್ಟು ಸುಮಾರು 74,427 ಕೋಟಿ ರೂಪಾಯಿ. ಅದರ ಹತ್ತರಲ್ಲೊಂದು ಭಾಗದಷ್ಟು ಆರೋಗ್ಯಕ್ಕೆ. ಐವತ್ತು ಸಾವಿರ ಜನರ ಪುರಸಭೆ ತಜ್ಞ ಆಸ್ಪತ್ರೆಯನ್ನೂ ಪ್ರಯೋಗಾಲಯವನ್ನೂ ಕಟ್ಟಹೊರಟರೆ ಎರಡೂ ಅರ್ಧಕ್ಕೆ ನಿಲ್ಲುತ್ತವೆ. ಅವು ರಾಜ್ಯದ ಬಳಿಯೇ ಇರಲಿ.

ಆದರೆ ಜನನ–ಮರಣದ ಲೆಕ್ಕ, ಜ್ವರದ ನಿಗಾ, ನೀರಿನ ಪರೀಕ್ಷೆ, ಸೊಳ್ಳೆ ನಿಯಂತ್ರಣ, ಲಸಿಕೆ, ಪೌರಕಾರ್ಮಿಕರ ಆರೋಗ್ಯ, ಮನೆ ಮನೆಯ ಭೇಟಿ ಇವಿಷ್ಟನ್ನು ಊರೇ ನಡೆಸಬೇಕು. ಇವಕ್ಕೆ ಬೇಕಾದದ್ದು ದೊಡ್ಡ ಕಟ್ಟಡವಲ್ಲ; ಸಾರ್ವಜನಿಕ ಆರೋಗ್ಯದಲ್ಲಿ ತರಬೇತಿ ಪಡೆದ ಒಬ್ಬ ವೈದ್ಯಾಧಿಕಾರಿ, ಕೆಲವು ನಿರೀಕ್ಷಕರು, ಸೇವಿಕೆಯರು, ಬೇರೆಡೆಗೆ ತಿರುಗಿಸಲಾಗದ ಮೀಸಲು ಅನುದಾನ. ತೀರಾ ಸಣ್ಣ ಊರುಗಳು ಎರಡು ಮೂರು ಸೇರಿ ಒಬ್ಬ ಅಧಿಕಾರಿಯನ್ನು ಹಂಚಿಕೊಳ್ಳಬಹುದು. ಆ ಅಧಿಕಾರಿ ತಿಂಗಳಿಗೊಮ್ಮೆ ಚುನಾಯಿತ ಸಭೆಯ ಮುಂದೆ ಊರಿನ ರೋಗದ ಲೆಕ್ಕ ಓದಬೇಕು. ಸಣ್ಣ ನಗರಕ್ಕೆ ಸ್ವಂತ ಆರೋಗ್ಯ ಇಲಾಖೆ ಬೇಕೇ ಬೇಕು. ಸ್ವಂತ ಆಸ್ಪತ್ರೆ ಬೇಕೆಂದಿಲ್ಲ. ಮುಂದಿನ ಸಲ ವೋಟು ಕೇಳಲು ಬಂದವರನ್ನು ‘ನಮ್ಮ ಊರಿನ ಆರೋಗ್ಯಾಧಿಕಾರಿ ಯಾರು?’ ಎಂದು ಓದುಗರು ಕೇಳಲಿ.