ವದಂತಿಯ ಹಿಂದಿನ ಮನಸ್ಸು

1934ರ ಜನವರಿ 15ರಂದು ಬಿಹಾರ, ನೇಪಾಳಗಳಲ್ಲಿ ಭಾರೀ ಭೂಕಂಪವಾಯಿತು. ಬಳಿಕ ವದಂತಿಗಳು ಹಬ್ಬಿದವು: ಚಂದ್ರಗ್ರಹಣದಂದು ಭೂಮಿ ಮತ್ತೆ ನಡುಗುತ್ತದಂತೆ, ಪಾಟ್ನಾಕ್ಕೆ ಚಂಡಮಾರುತ ಬರುತ್ತದಂತೆ, ಪ್ರಳಯವೇ ಆಗುತ್ತದಂತೆ! ಮನಶ್ಶಾಸ್ತ್ರಜ್ಞ ಜಮುನಾ ಪ್ರಸಾದ್ ಇವನ್ನು ಸಂಗ್ರಹಿಸಿದರು. ಅಚ್ಚರಿಯೆಂದರೆ, ಈ ಮಾತುಗಳು ಕೇಳಿಬಂದದ್ದು ಕಂಪನದ ಅನುಭವವಾಗಿಯೂ ಹಾನಿಯಾಗದ ಕಡೆಗಳಲ್ಲಿ. ಮುಂದೆ ದುರ್ಗಾನಂದ ಸಿನ್ಹಾ ಡಾರ್ಜಿಲಿಂಗ್ ಭೂಕುಸಿತವನ್ನು ಅಧ್ಯಯನ ಮಾಡಿದಾಗ, ಹಾನಿಯನ್ನು ಕಣ್ಣಾರೆ ಕಂಡವರಲ್ಲಿ ಇಂಥ ಉತ್ಪ್ರೇಕ್ಷೆ ಕಾಣಲಿಲ್ಲ.

ಇದಕ್ಕೆ ಅಮೆರಿಕದ ಲಿಯಾನ್ ಫೆಸ್ಟಿಂಜರ್ 1957ರ ತಮ್ಮ ಗ್ರಂಥದಲ್ಲಿ ವಿವರಣೆ ಕೊಟ್ಟರು: ಮನದಲ್ಲಿ ಭಯವಿದ್ದು ಎದುರಿಗೆ ಕಾರಣ ಕಾಣದಿದ್ದರೆ, ಆ ಭಯಕ್ಕೆ ತಕ್ಕ ಸುದ್ದಿಯನ್ನು ಮನಸ್ಸು ನಂಬುತ್ತದೆ.

2012ರ ಆಗಸ್ಟ್‌ನಲ್ಲಿ ದಾಳಿಯ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು, ಪುಣೆ, ಚೆನ್ನೈಗಳಿಂದ ರೈಲು ಹತ್ತಿದರು. ಅಸ್ಸಾಂನ ಹಿಂಸಾಚಾರ ಅವರಲ್ಲಿ ಆಗಲೇ ಭಯ ಬಿತ್ತಿತ್ತು. ಕೇಂದ್ರ ಸರ್ಕಾರ 15 ದಿನ ಸಾಮೂಹಿಕ ಎಸ್‌ಎಂಎಸ್ ನಿರ್ಬಂಧಿಸಿತು. ಸಂದೇಶವನ್ನು ತಡೆಯಬಹುದು, ಭಯ ಕಳೆಯಲು ನೆರೆಯವರ ಭರವಸೆ ಬೇಕು. ಊರು ಬಿಟ್ಟು ಬದುಕುವ ನಮಗೆ ಇದು ಚೆನ್ನಾಗಿ ಗೊತ್ತು.

ಮುಂದಿನ ಫಾರ್ವರ್ಡ್ ಬಂದಾಗ ‘ಸಾಕ್ಷಿ ಏನು?’ ಎಂದು ಕೇಳೋಣ. ಜೊತೆಗೆ, ‘ಇದು ನನ್ನ ಯಾವ ಭಯಕ್ಕೆ ಒಪ್ಪುತ್ತಿದೆ?’ ಎಂದೂ ಕೇಳಿಕೊಳ್ಳೋಣ.