‘ದಿಸ್ ಈಸ್ ಎ ಪೆನ್’: ಇಂಗ್ಲಿಷ್ ಕ್ಲಾಸಿನಲ್ಲಿ ನಗು, ಆಟ

ನಮ್ಮಲ್ಲಿ ಹೆಚ್ಚಿನವರು ಐದನೇ ಕ್ಲಾಸಿಗೆ ಬಂದ ಮೇಲೆ ಎಬಿಸಿಡಿ ಕಂಡವರು. ಮೇಷ್ಟ್ರು ಪೆನ್ನು ಎತ್ತಿ ಹಿಡಿದು ‘ದಿಸ್ ಈಸ್ ಎ ಪೆನ್’ ಎನ್ನುತ್ತಿದ್ದರು, ನಾವೆಲ್ಲ ಒಟ್ಟಿಗೆ ಕೂಗುತ್ತಿದ್ದೆವು. ಅದು ಪೆನ್ನು ಅಂತ ಎಲ್ಲರಿಗೂ ಗೊತ್ತಿತ್ತು. ಗೊತ್ತಿರುವುದನ್ನೇ ಯಾಕೆ ಹೇಳಬೇಕು ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ಒಂದು ದಿನ ಗೆಳೆಯನೊಬ್ಬ ಬಾಗಿಲ ಕಡೆ ನಡೆಯುತ್ತಾ ‘ಐ ಆಮ್ ಗೋಯಿಂಗ್ ಟು ದ ಡೋರ್’ ಅನ್ನಬೇಕಿತ್ತು. ಗಾಬರಿಯಲ್ಲಿ ‘ಐ ಆಮ್ ಎ ಡೋರ್’ ಅಂದುಬಿಟ್ಟ. ಇಡೀ ಕ್ಲಾಸು ನಕ್ಕಿತು, ಮೇಷ್ಟ್ರೂ ನಕ್ಕರು. ಅವತ್ತಿನಿಂದ ಅವನ ಹೆಸರು ‘ಬಾಗಿಲು’. ಆಮೇಲೆ ಇಂಗ್ಲಿಷ್ ಕ್ಲಾಸಿನಲ್ಲಿ ಅವನು ಬಾಯಿ ತೆರೆದದ್ದು ನಮಗೆ ನೆನಪಿಲ್ಲ.

ಈ ಬಾಗಿಲು, ಪೆನ್ನಿನ ಪಾಠ ಎಲ್ಲಿಂದ ಬಂತು? 1922ರಲ್ಲಿ ಹೆರಾಲ್ಡ್ ಪಾಮರ್ ಎಂಬ ಇಂಗ್ಲಿಷ್ ವಿದ್ವಾಂಸರು ಜಪಾನ್ ಸರ್ಕಾರದ ಶಿಕ್ಷಣ ಇಲಾಖೆಗೆ ಸಲಹೆಗಾರರಾಗಿ ಹೋದರು. ಏಳು, ಬಾಗಿಲ ಹತ್ತಿರ ಹೋಗು, ಪುಸ್ತಕ ತೆಗೆ ಎಂದು ಮೇಷ್ಟ್ರು ಇಂಗ್ಲಿಷಿನಲ್ಲಿ ಹೇಳುವುದು, ಮಕ್ಕಳು ಮಾಡುವುದು: ಇಂಥ ಪಾಠಗಳನ್ನು ಅವರು ಬೆಳೆಸಿದರು. ಮೊದಲು ಕೇಳಿ ಮಾಡಿದರೆ ಸಾಕು, ಮಾತು ಆಮೇಲೆ ಬರಲಿ ಅನ್ನುವುದು ಅದರ ಹಿಂದಿನ ಲೆಕ್ಕ. 1950ರ ದಶಕದಲ್ಲಿ ವಾಕ್ಯದ ಅಚ್ಚುಗಳನ್ನು ಒಂದೊಂದಾಗಿ ಕಲಿಸುವ ಪದ್ಧತಿ ನಮ್ಮ ದೇಶದ ಶಾಲೆಗಳಿಗೆ ಬಂತು. ನಮ್ಮ ಹಳ್ಳಿ ಮುಟ್ಟುವ ಹೊತ್ತಿಗೆ ಆಟ ಉದುರಿಹೋಗಿ ಅಚ್ಚು ಮಾತ್ರ ಉಳಿದಿತ್ತು ಅಂತ ನಮಗನ್ನಿಸುತ್ತದೆ.

ಇದಕ್ಕೆ ಬೇರೆ ದಾರಿ ಹುಡುಕಿದ ಕಥೆಯಲ್ಲಿ ನಮ್ಮ ಬೆಂಗಳೂರಿನ ಹೆಸರೇ ಇದೆ. ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್. ಎಸ್. ಪ್ರಭು ಅವರು, ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಜೊತೆ ಸೇರಿ, 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಮಾಮೂಲಿ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಜಗತ್ತಿನ ಇಂಗ್ಲಿಷ್ ಮೇಷ್ಟ್ರುಗಳು ಅದನ್ನು ಇವತ್ತಿಗೂ ‘ಬೆಂಗಳೂರು ಪ್ರಾಜೆಕ್ಟ್’ ಅನ್ನುತ್ತಾರೆ.

ಅಲ್ಲಿ ವ್ಯಾಕರಣದ ಪಾಠವೇ ಇರಲಿಲ್ಲ. ಬದಲಿಗೆ ಒಗಟಿನಂಥ ಕೆಲಸಗಳು. ರೈಲಿನ ವೇಳಾಪಟ್ಟಿ ಕೊಡುವುದು: ಇಷ್ಟು ಗಂಟೆಗೆ ಊರು ಮುಟ್ಟಬೇಕಾದವನು ಯಾವ ರೈಲು ಹತ್ತಬೇಕು? ನಕಾಶೆ ನೋಡಿ ದಾರಿ ಹುಡುಕುವುದು. ಹೇಳಿದಂತೆ ಗೆರೆ ಎಳೆದು ಚಿತ್ರ ಮಾಡುವುದು. ಮೊದಲು ಒಂದನ್ನು ಮೇಷ್ಟ್ರು ಇಡೀ ಕ್ಲಾಸಿನ ಜೊತೆ ಬಿಡಿಸುವರು, ಅಂಥದೇ ಇನ್ನೊಂದನ್ನು ಮಕ್ಕಳು ತಾವೇ ಬಿಡಿಸುವರು. ಒಂದೇ ಪದದಲ್ಲಿ ಉತ್ತರ ಕೊಟ್ಟರೂ ನಡೆಯುತ್ತಿತ್ತು.

ನಮಗೆ ತುಂಬ ಹಿಡಿಸಿದ್ದು ಅಂಕ ಕೊಡುವ ರೀತಿ. ಉತ್ತರ ಸರಿಯೇ ಅಂತ ನೋಡುತ್ತಿದ್ದರು, ವಾಕ್ಯ ಸರಿಯೇ ಅಂತಲ್ಲ. ಹುಡುಗಿಯೊಬ್ಬಳು ‘ಟ್ರೈನ್ ಗೋ ತ್ರೀ’ ಅಂದಳು ಅಂತಿಟ್ಟುಕೊಳ್ಳಿ. ‘ಯೆಸ್, ದ ಟ್ರೈನ್ ಗೋಸ್ ಅಟ್ ತ್ರೀ’ ಅಂತ ಮೇಷ್ಟ್ರು ಮಾತಿನ ಓಟದಲ್ಲೇ ತಿದ್ದಿ ಮುಂದೆ ಹೋಗುವುದು. ನಗಲು ಅಲ್ಲಿ ಯಾರಿಗೂ ಪುರುಸೊತ್ತಿಲ್ಲ, ಎಲ್ಲರ ಕಣ್ಣೂ ರೈಲಿನ ಮೇಲೆ.

ಒಂದು ವಿಚಿತ್ರ ಹೇಳಲೇಬೇಕು. ಈಗ ಆಟದ ಕ್ಲಾಸು ಅಂದರೆ ಗುಂಪು ಮಾಡಿ ಕೂರಿಸುವುದು ಅಂತಾಗಿದೆ. ಪ್ರಭು ಅವರಿಗೆ ಅದು ಬೇಡವಾಗಿತ್ತು. ಮಕ್ಕಳು ಮಕ್ಕಳಷ್ಟೇ ಮಾತಾಡಿಕೊಂಡರೆ ಒಬ್ಬರ ತಪ್ಪು ಇನ್ನೊಬ್ಬರಿಗೆ ಅಂಟುತ್ತದೆ ಅನ್ನುವುದು ಅವರ ಅಳುಕು. ನಮ್ಮೊಳಗೇ ಇದರ ಬಗ್ಗೆ ಜಗಳವಿದೆ.

ಫಲ ಸಿಕ್ಕಿತೇ? ಅಲನ್ ಬೆರೆಟಾ, ಅಲನ್ ಡೇವಿಸ್ ಎಂಬ ಇಬ್ಬರು ಪರೀಕ್ಷಿಸಿ 1985ರಲ್ಲಿ ವರದಿ ಬರೆದರು. ಮಾಮೂಲಿ ಕ್ಲಾಸಿನವರು ವ್ಯಾಕರಣದ ಪರೀಕ್ಷೆಯಲ್ಲಿ ಮುಂದು, ಪ್ರಯೋಗದ ಮಕ್ಕಳು ಒಗಟಿನ ಕೆಲಸದಲ್ಲಿ ಮುಂದು. ಎರಡೂ ಕಡೆ ವಾಲದ ಪರೀಕ್ಷೆಗಳಲ್ಲಿ ಪ್ರಯೋಗದ ಮಕ್ಕಳದ್ದೇ ಮೇಲುಗೈ. ಆದರೆ ತರಬೇತಾದ ಪರಿಣತರು ನಡೆಸಿದಷ್ಟು ಸಲೀಸಾಗಿ ಮಾಮೂಲಿ ಮೇಷ್ಟ್ರುಗಳಿಗೆ ಇದು ಒಗ್ಗಲಿಲ್ಲ ಅಂತ ಬೆರೆಟಾ ಮುಂದೆ ಬರೆದರು. ಅದರಲ್ಲಿ ಮೇಷ್ಟ್ರ ತಪ್ಪೇನೂ ನಮಗೆ ಕಾಣದು. ಅವರ ಇಂಗ್ಲಿಷಿಗೂ ಯಾರೋ ನಕ್ಕಿರುತ್ತಾರೆ. ಪುಸ್ತಕ ಬಿಟ್ಟು ಮಾತಿಗಿಳಿಯಲು ಅವರಿಗೂ ಹೆದರಿಕೆ.

1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ನಲಿ-ಕಲಿ ಶುರುವಾಯಿತು. 2007-08ರಲ್ಲಿ ಸರ್ಕಾರಿ ಶಾಲೆಗಳಿಗೆ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಬಂತು. ನಾವು ಅಷ್ಟರಲ್ಲಿ ಒಂದನೇ ಕ್ಲಾಸು ದಾಟಿದ್ದೆವು.

ಬಾಗಿಲು ಈಗ ಬಸ್ ಕಂಡಕ್ಟರ್. ಹೊರರಾಜ್ಯದ ಪ್ರವಾಸಿಗರಿಗೆ ಯಾವ ಬಸ್ಸು, ಎಷ್ಟು ಗಂಟೆಗೆ, ಎಲ್ಲಿ ಇಳಿದು ಬದಲಿಸಬೇಕು ಅಂತ ಇಂಗ್ಲಿಷಿನಲ್ಲೇ ಹೇಳುತ್ತಾನೆ. ವ್ಯಾಕರಣದ ಮಾತು ಬೇಡ. ಅವನನ್ನು ಕೇಳಿ ತಪ್ಪು ಬಸ್ಸು ಹತ್ತಿದವರನ್ನು ನಾವಂತೂ ಇನ್ನೂ ಕಂಡಿಲ್ಲ.