ಸೂಳೆಕೆರೆ ತೂಬು ಮತ್ತು ಬಿಸಿ ಎಲೆಕ್ಟ್ರಾನ್

ಹೋದ ಬೇಸಿಗೆಯಲ್ಲಿ ತ್ಯಾವಣಿಗೆಗೆ ಹೋಗಿದ್ದೆ. ಅಪ್ಪ ತಾರಸಿ ಮೇಲಿನ ಸೋಲಾರ್ ಪ್ಯಾನೆಲ್ ಮುಟ್ಟಿ ಕೈ ಹಿಂದೆ ತೆಗೆದು, "ಇಷ್ಟು ಸುಡ್ತೈತಲ್ಲೋ, ಈ ಬಿಸಿಯೆಲ್ಲ ದಂಡ ಏನು?" ಅಂದ್ರು. ಇಂಜಿನಿಯರಿಂಗ್ ಓದಿದ ಮಗ ತಲೆ ಕೆರೆದುಕೊಂಡೆ. ಬೆಂಗಳೂರಿಗೆ ವಾಪಸ್ ಬಂದು ಹುಡುಕಿದರೆ, ಅಪ್ಪನ ಪ್ರಶ್ನೆಗೆ ದೊಡ್ಡ ಇತಿಹಾಸವೇ ಇದೆ!

1954ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಚೇಪಿನ್, ಫುಲ್ಲರ್, ಪಿಯರ್ಸನ್ ಮಾಡಿದ ಸಿಲಿಕಾನ್ ಕೋಶದ ದಕ್ಷತೆ ಸುಮಾರು 6%. 1961ರಲ್ಲಿ ಶಾಕ್ಲಿ ಮತ್ತು ಕ್ವೈಸರ್ ಲೆಕ್ಕ ಹಾಕಿ, ಒಂದೇ ಪದರದ ಕೋಶ ಎಷ್ಟು ಚೆನ್ನಾಗಿದ್ದರೂ ಸುಮಾರು 30% ದಾಟಲ್ಲ ಅಂದರು. ಕಾರಣ ಇದು. ನೀಲಿ ಬೆಳಕಿನ ಕಣ ಎಲೆಕ್ಟ್ರಾನ್‌ಗೆ ಬೇಕಾದ್ದಕ್ಕಿಂತ ಹೆಚ್ಚು ಶಕ್ತಿ ಕೊಡುತ್ತೆ. ಆ ಹೆಚ್ಚುವರಿ ಶಕ್ತಿ ಸೆಕೆಂಡಿನ ಲಕ್ಷಕೋಟಿಯ ಒಂದು ಭಾಗದ ಆಸುಪಾಸಿನಲ್ಲೇ ಬಿಸಿಯಾಗಿ ಕಳೆದುಹೋಗುತ್ತೆ. ಅಪ್ಪನ ಕೈ ಸುಟ್ಟಿದ್ದರಲ್ಲಿ ಇದರದ್ದೂ ಪಾಲಿದೆ.

1982ರಲ್ಲಿ ರಾಸ್ ಮತ್ತು ನೋಜಿಕ್ ಅಪ್ಪನ ಪ್ರಶ್ನೆಯನ್ನೇ ಕೇಳಿದರು: ಎಲೆಕ್ಟ್ರಾನ್ ತಣ್ಣಗಾಗುವ ಮೊದಲೇ ಹೊರತೆಗೆದರೆ? ಲೆಕ್ಕದಲ್ಲಿ ದಕ್ಷತೆ 66%ವರೆಗೆ ಹೋಯ್ತು. ಆದರೆ ತೆಗೆಯೋದು ಹೇಗೆ? 1997ರಲ್ಲಿ ಜರ್ಮನಿಯ ವ್ಯೂರ್ಫೆಲ್ ಹೇಳಿದ್ದು, ಸಂಪರ್ಕಬಿಂದು ಒಂದು ಕಿರಿದಾದ ಶಕ್ತಿಮಟ್ಟದ ಎಲೆಕ್ಟ್ರಾನ್‌ಗಳನ್ನು ಮಾತ್ರ ಬಿಡಬೇಕು ಅಂತ.

ನಮ್ಮ ಕಡೆಯವರಿಗೆ ಇದು ಸುಲಭ. ಸೂಳೆಕೆರೆಗೆ ಸಿದ್ದನಾಲೆ, ಬಸವನಾಲೆ ಅಂತ ಎರಡು ತೂಬುಗಳಿವೆ ಅಲ್ವಾ? ತೂಬು ಯಾವ ಮಟ್ಟದಲ್ಲಿದೆ, ಎಷ್ಟು ಅಗಲ ಇದೆ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ಇಲ್ಲೂ ಹಾಗೇ. ತೂಬು ತಳದಲ್ಲಿದ್ದರೆ ಎತ್ತರದ ಶಕ್ತಿ ದಂಡ. ಎತ್ತರದಲ್ಲಿದ್ದೂ ತುಂಬಾ ಅಗಲವಾದರೆ, ಹೊರಗಿನ ತಣ್ಣನೆ ಲೋಹದ ಜೊತೆ ವ್ಯವಹಾರ ಶುರುವಾಗಿ ಒಳಗಿನ ಬಿಸಿ ಸೋರಿಹೋಗುತ್ತೆ. 2000ದ ದಶಕದಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿವಿಯಲ್ಲಿ ಮಾರ್ಟಿನ್ ಗ್ರೀನ್, ಗ್ಯಾವಿನ್ ಕೊನಿಬಿಯರ್ ತಂಡ ಇಂಥ ತೂಬನ್ನು ಸಿಲಿಕಾನ್ ಕ್ವಾಂಟಮ್ ಚುಕ್ಕೆಗಳಲ್ಲಿ ಕಟ್ಟಲು ಹೊರಟಿತು. ಎಲೆಕ್ಟ್ರಾನ್‌ಗಳನ್ನು ಬಿಸಿಯಾಗಿಯೇ ಇಡುವ ಕಷ್ಟ ಬೇರೆ ಇದೆಯಲ್ಲ! ಹಾಗಾಗಿ ಈ ಕೋಶ ಇನ್ನೂ ಪ್ರಯೋಗಾಲಯ ದಾಟಿಲ್ಲ.

ಆದರೆ ತೂಬಿನ ಇನ್ನೊಂದು ದಾಯಾದಿ ಗೆದ್ದಿದೆ. ಒಂದು ಕಡೆ ಎಲೆಕ್ಟ್ರಾನ್, ಇನ್ನೊಂದು ಕಡೆ ರಂಧ್ರ ಮಾತ್ರ ಬಿಡುವ ತೆಳುಪದರದ ಸಂಪರ್ಕ. 1990ರ ದಶಕದಲ್ಲಿ ಸಾನ್ಯೋದ ಎಚ್‌ಐಟಿ, 2013ರಲ್ಲಿ ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯ ಟಾಪ್‌ಕಾನ್ ಈ ಜಾತಿಯವು. ಇವು ಬಿಸಿಯನ್ನು ಉಳಿಸಲ್ಲ, ಆದರೆ ಲೋಹದ ಅಂಚಿನಲ್ಲಿ ಆಗುತ್ತಿದ್ದ ಸೋರಿಕೆ ಕಟ್ಟಿದವು. ಇವತ್ತು ಇಂಥ ಪ್ಯಾನೆಲ್ ಅಂಗಡಿಯಲ್ಲೇ ಸಿಗುತ್ತೆ.

ಪೀಣ್ಯದಲ್ಲಿ ಕಟ್ಟಿ 1975ರಲ್ಲಿ ಹಾರಿಸಿದ ಆರ್ಯಭಟಕ್ಕೆ ಸಿಗುತ್ತಿದ್ದ ಸೌರವಿದ್ಯುತ್ ಬರೀ 46 ವ್ಯಾಟ್. ಪಾವಗಡದ ಸೋಲಾರ್ ಪಾರ್ಕ್ 2050 ಮೆಗಾವ್ಯಾಟ್‌ದು, ಅದಕ್ಕೆ ಸುಮಾರು 13,000 ಎಕರೆ ಜಮೀನು ಬೇಕಾಯ್ತು. ದಕ್ಷತೆ ಎರಡರಷ್ಟಾದರೆ ಅರ್ಧ ಜಮೀನು ಸಾಕು. ರೈತನ ಮಗನಾಗಿ ನನಗೆ ಕಾಣೋದು ಇದೇ ಲೆಕ್ಕ.

ಅಪ್ಪಂಗೆ ಫೋನ್ ಮಾಡಿ, "ಹೌದಪ್ಪಾ, ಸದ್ಯಕ್ಕೆ ದಂಡವೇ" ಅಂದೆ. "ತೂಬು ಸರಿ ಮಾಡ್ರಪ್ಪಾ ಮತ್ತೆ" ಅಂದ್ರು!